ಪೀಚಿನ ಕಡುಬು ಮುಧೋಳಕ್ಕೆ ಹೋದದ್ದು

ರಬಕವಿಯ ನೇಕಾರರ ಮನೆಯಿಂದ ಜಮಖಂಡಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಸರಿಯಾಗಿ ನಿದ್ದೆಯೇ ಬರುತ್ತಿರಲಿಲ್ಲ. ತವರಿನಲ್ಲಿ ಕಣ್ಣು ಬಿಡುವ ಮೊದಲೇ ಲಾಳಿಯ ಸದ್ದು ಕಿವಿಗೆ ಬೀಳುತ್ತಿತ್ತು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತರೆಂದರೆ ಇಡೀ ಮನೆಯೇ ಎದ್ದು ಕೂತ ಹಾಗೆ. ಇಲ್ಲಿ ಮಾವನವರ ಮನೆ ಇದ್ದದ್ದು ದೊರೆಗಳ ತೋಟದ ಅಂಚಿನಲ್ಲಿ. ಮಾವ ಆ ತೋಟದ ದೊಡ್ಡ ಮಾಲಿ. ನನ್ನ ಗಂಡನೂ ಅವರ ಕೈಕೆಳಗೇ ಕೆಲಸಕ್ಕಿದ್ದರು. ಇಬ್ಬರೂ ನಸುಕಿನಲ್ಲೇ ಎದ್ದು ಹೋಗಿಬಿಡುತ್ತಿದ್ದರು. ಆಮೇಲೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ. ಅತ್ತೆ ಮಾತನಾಡುತ್ತಿರಲಿಲ್ಲ.

ಸಿಟ್ಟಿನ ಹೆಂಗಸು ಎಂದು ತಿಳಿಯಬೇಡಿ. ಅವರು ನನ್ನನ್ನು ಒಂದು ದಿನವೂ ಬೈದವರಲ್ಲ. ರೊಟ್ಟಿ ಬಡಿಯುವಾಗ ನನ್ನ ರೊಟ್ಟಿ ಹರಿದರೆ ಸುಮ್ಮನೆ ಅದನ್ನು ತೆಗೆದು ತಮ್ಮ ತಾಟಿಗೆ ಹಾಕಿಕೊಳ್ಳುತ್ತಿದ್ದರು. ಊಟವಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತರೆ ಹೊತ್ತು ಇಳಿಯುವ ತನಕ ಅಲ್ಲೇ. ಏನಾದರೂ ಕೇಳಿದರೆ ‘ಹೂಂ’, ಇಲ್ಲದಿದ್ದರೆ ‘ಊಹೂಂ’.

ಕಾರಣವನ್ನು ನನ್ನ ಗಂಡ ಹೇಳಿದರು. ಅವರ ಅಕ್ಕನನ್ನು ಮುಧೋಳದ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟಿದ್ದರು. ಒಂದು ಗಂಡುಮಗು ಆಗಿ, ಅದು ಆಗತಾನೇ ಓಡಾಡಲು ಕಲಿತ ಹೊತ್ತಿಗೆ ಅಕ್ಕ ಜ್ವರ ಬಂದು ತೀರಿಕೊಂಡಿದ್ದರು. ಮಗು ಚಿಕ್ಕದು, ನೋಡಿಕೊಳ್ಳುವವರಿಲ್ಲ ಎಂದು ಭಾವ ವರ್ಷ ತುಂಬುವುದರೊಳಗೆ ಮತ್ತೊಂದು ಮದುವೆಯಾದರು. ಆ ಸುದ್ದಿ ಬಂದ ದಿನ ಅತ್ತೆ, ‘ನನ್ನ ಮಗಳು ಹಚ್ಚಿದ ಒಲೀ ಮುಂದ ಮತ್ತೊಬ್ಬಾಕಿ ಕುಂತದ್ದು ನನ್ನ ಕಣ್ಣೀಲೆ ನೋಡಾಂಗಿಲ್ಲ’ ಎಂದಿದ್ದರಂತೆ. ಅಂದಿನಿಂದ ಮುಧೋಳದ ಕಡೆ ಹೋಗಿರಲಿಲ್ಲ. ಬಂದು ಹೋಗಿರಿ ಎಂದು ಭಾವ ಸಂತೆಗೆ ಬರುವವರ ಕೈಲಿ ಹೇಳಿ ಕಳಿಸುತ್ತಿದ್ದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮನೆಯಲ್ಲಿ ಸಿಹಿ ಅಡಿಗೆ ಮಾಡುವುದು ಮಾತ್ರ ನಿಂತುಹೋಗಿತ್ತು. ಹಬ್ಬಕ್ಕೆ ಹೋಳಿಗೆ ಸಹ ಪಕ್ಕದ ಮನೆಯಿಂದ ಬಂದದ್ದೇ.

ನನ್ನ ಮೊದಲ ಬೇಸಿಗೆ ಬಂತು. ತೋಟದ ಬಾವಿಯ ಹತ್ತಿರ ಒಂದು ಮರವಿತ್ತು. ಎಲೆ ಮಾವಿನ ಎಲೆಯ ಹಾಗೆ ಉದ್ದ, ಆದರೆ ತೆಳು. ಹಿಂದೆ ಯಾವಾಗಲೋ ದೊರೆಗಳು ದೂರದಿಂದ ಸಸಿ ತರಿಸಿ ಸಾಲಾಗಿ ಹಚ್ಚಿಸಿದ್ದರಂತೆ; ನಮ್ಮ ಬಿಸಿಲಿಗೆ ಉಳಿದವೆಲ್ಲ ಒಣಗಿ ಬಾವಿಯ ತಂಪಿಗೆ ಇದೊಂದು ಬದುಕಿತ್ತು. ಹಣ್ಣಿನ ಹೆಸರು ಪೀಚ್. ಹೆಸರಿಗೆ ತಕ್ಕ ಹಾಗೆ ಅವು ಪೀಚು ಪೀಚಾಗಿಯೇ ಇರುತ್ತಿದ್ದವು, ದೊಡ್ಡ ನಿಂಬೆಯಷ್ಟು. ಮೈಮೇಲೆ ಸಣ್ಣ ನೂಲಿನಂಥ ರೋಮ. ಒಂದು ಕಡೆ ಕೆಂಪೇರಿ ಕಣ್ಣಿಗೆ ಚೆಂದ ಕಾಣುತ್ತಿದ್ದವು, ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಅರಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ, ಮಾಲಿಯ ಮನೆಯವರು ಬೇಕಾದರೆ ಒಯ್ಯಲಿ ಎಂದು ಅಪ್ಪಣೆಯಿತ್ತು. ಆ ವರ್ಷ ಯಾರೂ ಒಯ್ಯಲಿಲ್ಲ. ಹಣ್ಣು ಉದುರಿ ಉದುರಿ ಬಾವಿಕಟ್ಟೆಯ ಸುತ್ತ ನೊಣ ಹತ್ತಿತ್ತು.

ನೇಕಾರರ ಮನೆಯಲ್ಲಿ ಒಂದು ಎಳೆ ನೂಲನ್ನೂ ಎಸೆಯುವುದಿಲ್ಲ. ಅಷ್ಟು ಹಣ್ಣು ಕೊಳೆಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನೀರಿಗೆ ಹೋದಾಗ ಕೊಡದ ಜೊತೆ ಸೆರಗಿನ ತುಂಬ ಹಣ್ಣು ತಂದೆ. ಹಣ್ಣಿಗೆ ಹಾಲು ಬೆಲ್ಲ ಹಾಕಿದರೆ ಪಾಯಸವಾಗುತ್ತದೆ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಹೆಚ್ಚಿ ಹಾಲಿಗೆ ಹಾಕಿ ಒಲೆಗಿಟ್ಟೆ. ಕುದಿ ಬರುವ ಮೊದಲೇ ಹಾಲೆಲ್ಲ ಒಡೆದು ಗಂಟು ಗಂಟಾಗಿ ಕೂತಿತು. ಒಂದು ಹೊತ್ತಿನ ಹಾಲು ಪೂರ್ತಿ ಹಾಳು. ಏನು ಮಾಡಬೇಕೆಂದು ತಿಳಿಯದೆ ಸೌಟು ಹಿಡಿದು ನಿಂತಿದ್ದಾಗ ಹಿಂದಿನಿಂದ ಅತ್ತೆ ಬಂದು ಪಾತ್ರೆಯೊಳಗೆ ಇಣುಕಿದರು. ಸೌಟು ತೆಗೆದುಕೊಂಡು ಒಂದಿಷ್ಟು ನಾಲಗೆಗೆ ಹಚ್ಚಿಕೊಂಡರು. ಅವರ ಮುಖ ಕಿವುಚಿತು. ಆಮೇಲೆ ಒಂದು ವಿಚಿತ್ರ ಸದ್ದು ಬಂತು. ಅದು ನಗು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವರು ನಕ್ಕದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

‘ಹುಳಿ ಹಣ್ಣ ಯಾರರ ಹಾಲಿಗೆ ಹಾಕ್ತಾರೇನ? ನಿಮ್ಮ ರಬಕವಿಯಾಗ ಹಿಂಗ ಮಾಡ್ತಾರ?’

‘ಇಲ್ರಿ ಅತ್ತಿ. ನನಗ ಗೊತ್ತಿರಲಿಲ್ರಿ. ಹಣ್ಣ ಸುಮ್ಮ ಕೊಳ್ಯಾಕತ್ತಿದ್ದು, ಅದಕ್ಕ…’

‘ಇದನ್ನ ಎಮ್ಮಿಗೆ ಸುರವು. ನಾಳೆ ಬ್ಯಾರೆ ಹಣ್ಣ ಹರಕೊಂಡ ಬಾ. ಬಿದ್ದದ್ದು ಬ್ಯಾಡ, ಗಿಡದ ಮ್ಯಾಲಿಂದು. ಒತ್ತಿದರ ಬೆರಳು ಸ್ವಲ್ಪ ಒಳಗ ಹೋಗಬೇಕು, ಅಂಥಾವು.’

ನಾನು ಆ ಮನೆಗೆ ಬಂದ ಮೇಲೆ ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು.

ಮರುದಿನ ಅವರು ಅಟ್ಟದಿಂದ ಒಂದು ದಪ್ಪ ತಳದ ತಾಮ್ರದ ಪಾತೇಲಿ ಇಳಿಸಿದರು. ವರ್ಷದಿಂದ ಕಲಾಯಿ ಕಾಣದೆ ಒಳಗೆ ಕಂದಿತ್ತು. ಬೀದಿಯಲ್ಲಿ ಕಲಾಯಿಯವನು ಬರುವ ತನಕ ಕಾಯಬೇಕಾಯಿತು, ಹೀಗಾಗಿ ಅತ್ತೆಯ ಮನಸ್ಸಿನಲ್ಲಿದ್ದ ಅಡಿಗೆ ಮತ್ತೆ ಕೆಲವು ದಿನ ತಡವಾಯಿತು. ಕಾಯುವಾಗ ಅತ್ತೆ ಆ ಅಡಿಗೆ ತಮಗೆ ಹೇಗೆ ಬಂತೆಂದು ಹೇಳಿದರು. ಅವರು ನನ್ನ ಹಾಗೆ ಹೊಸ ಸೊಸೆಯಾಗಿದ್ದಾಗ ಅರಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಒಬ್ಬ ಬಿಳಿಯ ಹೆಂಗಸು ಬಂದಿದ್ದಳಂತೆ. ಅತ್ತೆಯ ಬಾಯಲ್ಲಿ ಅವಳು ‘ಮಡ್ಡಮ್ಮ’. ತೋಟದಲ್ಲಿ ತನ್ನ ದೇಶದ ಹಣ್ಣು ಕಂಡು ಮಡ್ಡಮ್ಮನ ಕಣ್ಣಲ್ಲಿ ನೀರು ಬಂತಂತೆ. ಕಚ್ಚಿ ನೋಡಿ ಮತ್ತೆ ನೀರು ಬಂತಂತೆ, ಹುಳಿಗೆ. ಹಣ್ಣು ಹುಳಿಯಾದರೇನು, ಬೇಯಿಸಿದರೆ ಆಗುತ್ತದೆ ಎಂದು ಅತ್ತೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಪದವೂ ಕನ್ನಡ ಬಾರದವಳು ಕೈಸನ್ನೆಯಲ್ಲೇ ತೋರಿಸಿಕೊಟ್ಟಳಂತೆ. ಅವಳು ಹೇಳಿದ ಹೆಸರು ಮನೆಯಲ್ಲಿ ಯಾರ ನಾಲಗೆಗೂ ಹತ್ತಲಿಲ್ಲ. ಕಡುಬಿಗೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಪೀಚಿನ ಕಡುಬು ಎಂಬ ಹೆಸರೇ ನಿಂತಿತು.

ಮಾಡುವ ರೀತಿ ಹೀಗೆ. ಹಣ್ಣನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಸಿಪ್ಪೆ ಬೆರಳಿಗೆ ತಾನಾಗಿ ಬಿಟ್ಟು ಬರುತ್ತದೆ. ಒಳಗಿನ ಗೊರಟ ತೆಗೆದು ಹೋಳು ಮಾಡಿ ಪಾತೇಲಿಯ ತಳಕ್ಕೆ ಹರಡಬೇಕು. ಮೇಲೆ ಧಾರಾಳವಾಗಿ ಬೆಲ್ಲದ ಪುಡಿ, ಚೂರು ಒಣಶುಂಠಿ, ಯಾಲಕ್ಕಿ. ಮಡ್ಡಮ್ಮ ಹಾಕಿದ್ದು ಸಕ್ಕರೆ, ಬೆಲ್ಲ ಅತ್ತೆಯದು. ಬೇರೆ ಬೋಗುಣಿಯಲ್ಲಿ ಗೋದಿ ಹಿಟ್ಟಿಗೆ ಗಟ್ಟಿ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿ ಉಜ್ಜಿ ಸೇರಿಸಿ, ಚಿಟಿಕೆ ಸೋಡಾ ಹಾಕಿ, ಮಜ್ಜಿಗೆ ಚಿಮುಕಿಸಿ ಕಲಸಬೇಕು.

‘ನಾದಬ್ಯಾಡ! ಚಪಾತಿ ಮಾಡಾಕತ್ತೀ ಏನ? ಸುಮ್ಮ ಕೂಡಿಸು, ಸಾಕು’ ಎಂದು ಅತ್ತೆ ನನ್ನ ಕೈಗೆ ಮೆಲ್ಲಗೆ ಹೊಡೆದರು. ಆ ಹಿಟ್ಟನ್ನು ಉಂಡೆ ಉಂಡೆಯಾಗಿ ಹರಿದು ಹಣ್ಣಿನ ಮೇಲೆ ಇಡುವುದು. ಮುಚ್ಚಳ ಮುಚ್ಚಿ, ಜಾಲಿ ಕಟ್ಟಿಗೆಯ ಕೆಂಡ ಕೆಳಗೆ ಸ್ವಲ್ಪ, ಮುಚ್ಚಳದ ಮೇಲೆ ಬಹಳ. ಉರಿ ಇರಕೂಡದು. ಬೆಲ್ಲ ಅಂಚಿನಲ್ಲಿ ಬುಳುಬುಳು ಎಂದು ಕುದ್ದು ಹಿಟ್ಟಿನ ಸಂದಿಯಲ್ಲಿ ಮೇಲೆ ಬಂದು, ಹಿಟ್ಟು ಹೊಂಬಣ್ಣಕ್ಕೆ ತಿರುಗಿದರೆ ಆಯಿತು.

ಅತ್ತೆ ಮುಚ್ಚಳ ತೆಗೆದಾಗ ಹೊರಟ ವಾಸನೆ ಇವತ್ತಿಗೂ ನನಗೆ ಮರೆತಿಲ್ಲ. ಬೆಲ್ಲದ ಪಾಕ, ಕಾದ ಬೆಣ್ಣೆ, ಅದರೊಳಗೆ ಯಾವುದೋ ಹೂವಿನ ಹಾಗೆ ಹಣ್ಣು. ಬಾಯಿಗಿಟ್ಟರೆ ಆ ಕೆಟ್ಟ ಹುಳಿ ಎಲ್ಲಿ ಹೋಯಿತೋ, ಬೆಲ್ಲದ ಸಿಹಿಗೆ ಒಂದು ಅಂಚು ಕೊಡುವಷ್ಟು ಮಾತ್ರ ಉಳಿದಿತ್ತು. ಮೇಲೆ ಕೆನೆ ಹಾಕಿ ಬಡಿಸಿದೆವು. ಮಾವ ಒಂದು ತುತ್ತು ತಿಂದು ತಾಟು ನೋಡುತ್ತ ಕೂತರು. ಅತ್ತೆ ತಾವು ಹಾಕಿಕೊಂಡದ್ದನ್ನು ಅರ್ಧ ತಿಂದು ಕೈ ನಿಲ್ಲಿಸಿದರು.

‘ಬಿಸಿ ಆರೂತನಕ ತಡಕೋತಿದ್ದಿಲ್ಲ ಆಕಿ. ಬಾಯಿ ಸುಟಗೋತಿದ್ದಳು. ಬ್ಯಾಸಿಗಿಗೆ ತವರಿಗೆ ಬರೂದ ಇದರ ಸಲವಾಗಿ ಅಂತಿದ್ದಳು’ ಎಂದರು. ಮಗಳ ಮಾತನ್ನು ಅವರು ಎತ್ತಿದ್ದು ವರ್ಷದಲ್ಲಿ ಅದೇ ಮೊದಲೆಂದು ಆಮೇಲೆ ನನ್ನ ಗಂಡ ಹೇಳಿದರು. ಅತ್ತೆ ತಾಟು ಬದಿಗೆ ಸರಿಸಿ, ‘ಆ ಕೂಸಿಗೆ ಇದರ ರುಚಿ ಗೊತ್ತಿಲ್ಲ’ ಎಂದರು.

‘ಹಂಗಾರ ಹೋಗಿ ಮಾಡಿಕೊಟ್ಟ ಬಾ’ ಎಂದರು ಮಾವ, ತಾಟಿನಿಂದ ತಲೆ ಎತ್ತದೆ.

ಅತ್ತೆ ಎದ್ದು ಕೈತೊಳೆಯಲು ಹೋದರು. ಮಾವ ಮತ್ತೆ ಆ ಮಾತು ತೆಗೆಯಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ ನಸುಕಿನಲ್ಲಿ ನಾನು ಏಳುವಷ್ಟರಲ್ಲಿ ಅಂಗಳದಲ್ಲಿ ಬುಟ್ಟಿ ತುಂಬ ಹಣ್ಣಿತ್ತು. ಹರಿದು ತಂದವರು ಅತ್ತೆಯೇ. ಪಾತೇಲಿಯನ್ನು ಹಳೇ ಧೋತರದಲ್ಲಿ ಗಂಟು ಕಟ್ಟಿದ್ದರು. ಮಾವ ಅದಾಗಲೇ ಯಾರದೋ ಚಕ್ಕಡಿ ಹೇಳಿ ನಿಲ್ಲಿಸಿದ್ದರು. ಯಾವಾಗ ಹೇಳಿದ್ದರೋ ಗೊತ್ತಿಲ್ಲ, ಅವರಿಬ್ಬರಲ್ಲಿ ಮಾತಾದದ್ದಂತೂ ನಾನು ಕೇಳಲಿಲ್ಲ. ‘ನೀನೂ ನಡಿ, ನನಗ ಒಬ್ಬಾಕಿಗೆ ಒಳಗ ಹೋಗಾಕ ಆಗೂದಿಲ್ಲ’ ಎಂದು ಅತ್ತೆ ನನಗೆ ಹೇಳಿದರು.

ಆಗ ಜಮಖಂಡಿಗೆ ಒಬ್ಬ ದೊರೆ, ಮುಧೋಳಕ್ಕೆ ಇನ್ನೊಬ್ಬ ದೊರೆ. ಒಂದರ ಹದ್ದು ಮುಗಿದು ಮತ್ತೊಂದು ಶುರುವಾಗುವಲ್ಲಿ ಸುಂಕದ ನಾಕಾ ಇತ್ತು. ಅಲ್ಲಿದ್ದ ಸಿಪಾಯಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ, ‘ಇವೇನ್ರಿ ಯವ್ವ? ಮಾರಾಕೇನು?’ ಎಂದ.

‘ಮಾರಾಕಲ್ಲಪ್ಪ. ಮೊಮ್ಮಗಗ.’

‘ಯಾವ ಹಣ್ಣ ಇದು?’

‘ತಿಂದ ನೋಡು’ ಎಂದರು ಅತ್ತೆ ಬಹಳ ಗಂಭೀರವಾಗಿ. ಅವನು ಕೆಂಪಗಿದ್ದದ್ದನ್ನೇ ಆರಿಸಿ ಕಚ್ಚಿದ. ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ‘ಹೋಗ್ರಿ, ಹೋಗ್ರಿ’ ಎಂದು ಕೈಬೀಸಿ ನೀರಿನ ಮಡಕೆಯ ಕಡೆ ಓಡಿದ. ಗಾಡಿ ಮುಂದೆ ಹೋದ ಮೇಲೆ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಆದರೆ ಮುಧೋಳ ಹತ್ತಿರವಾದ ಹಾಗೆ ನಗು ಇಳಿಯಿತು. ಬಸವನ ಪಾದ ಮುಟ್ಟುವವರ ಹಾಗೆ ಪಾತೇಲಿಯ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದರು.

ಭಾವ ಅಂಗಡಿಯಲ್ಲಿದ್ದರು. ಮನೆಯ ಬಾಗಿಲಿಗೆ ಬಂದವಳು ಅವರ ಹೊಸ ಹೆಂಡತಿ. ನನ್ನಷ್ಟೇ ವಯಸ್ಸಿನ ಹುಡುಗಿ, ಬಡಕಲು, ದೊಡ್ಡ ಕಣ್ಣು. ಸೊಂಟದ ಮೇಲೆ ಮಗು. ಬಂದವರು ಯಾರೆಂದು ಚಕ್ಕಡಿಯವನು ಹೇಳಿದ ಕೂಡಲೇ ಅವಳ ಮುಖದ ಬಣ್ಣವೇ ಹೋಯಿತು. ಕಾಲಿಗೆ ನೀರು ತಂದಿಟ್ಟಳು, ಬಗ್ಗಿ ನಮಸ್ಕಾರ ಮಾಡಿದಳು, ಆಮೇಲೆ ಬಾಗಿಲ ಮರೆಗೆ ಹೋಗಿ ನಿಂತಳು. ಅತ್ತೆ ಮೊಮ್ಮಗನ ಕಡೆ ಎರಡೂ ಕೈ ಚಾಚಿ, ‘ಬಾ ನನ್ನ ಕೂಸ, ಆಯಿ ಬಂದೇನಿ’ ಎಂದರು.

ಮಗು ಬರಲಿಲ್ಲ. ಆ ಹುಡುಗಿಯ ಕುತ್ತಿಗೆ ತಬ್ಬಿ ಮುಖ ಮುಚ್ಚಿಕೊಂಡಿತು. ‘ಹೋಗಪ್ಪ, ನಿಮ್ಮಾಯಿ ಅದಾರು, ಹೋಗು’ ಎಂದು ಅವಳು ಬಿಡಿಸಲು ನೋಡಿದಷ್ಟೂ ‘ಅವ್ವಾ, ಒಲ್ಲೆ’ ಎಂದು ಬಿಗಿಯಾಗಿ ಹಿಡಿಯಿತು. ಆ ‘ಅವ್ವಾ’ ಎಂಬ ಮಾತು ಕೇಳಿ ಅತ್ತೆಯ ಕೈ ಹಾಗೇ ಮಡಿಲಿಗೆ ಇಳಿದದ್ದನ್ನು ನಾನು ನೋಡಿದೆ. ಈಗಲೇ ಎದ್ದು ಗಾಡಿ ಹತ್ತುತ್ತಾರೆ ಎಂದುಕೊಂಡೆ.

ಅವರು ಎದ್ದರು. ನೇರವಾಗಿ ಹಿತ್ತಲಿಗೆ ಹೋಗಿ ನೆರಳು ನೋಡಿ ಕೂತು, ಗಂಟು ಬಿಚ್ಚಿದರು. ‘ಕೆಂಡ ಬೇಕು. ನಿಮ್ಮ ಮನ್ಯಾಗ ಜಾಲಿ ಕಟಗಿ ಐತೇನ?’ ಎಂದು ಯಾರನ್ನೂ ನೋಡದೆ ಕೇಳಿದರು.

‘ಐತ್ರಿ’ ಎಂದಳು ಬಾಗಿಲ ಮರೆಯ ಹುಡುಗಿ. ಓಡಿ ಹೋಗಿ ಒಲೆ ಹಚ್ಚಿದಳು.

ಹಣ್ಣಿನ ಸಿಪ್ಪೆ ಸುಲಿಯಲು ನಾವು ಮೂವರೂ ಕೂತೆವು. ಮಗು ಅವಳ ಬೆನ್ನಿಗೆ ಜೋತು, ಬುಟ್ಟಿಯೊಳಗಿನ ಹಣ್ಣಿನ ಮೈ ಸವರಿ, ‘ಇದಕ್ಕ ಮೀಸಿ ಅದಾವು’ ಎಂದಿತು. ನಾನು ನಕ್ಕೆ. ಅತ್ತೆ ಒಂದು ಹಣ್ಣನ್ನು ಮೆಲ್ಲಗೆ ಅದರ ಕೆನ್ನೆಗೆ ಉಜ್ಜಿದರು. ಕಚಗುಳಿಗೆ ಅದು ಕಿಲಕಿಲ ಎಂದು ನಕ್ಕು, ‘ಮತ್ತೊಮ್ಮೆ’ ಎಂದಿತು. ಮತ್ತೊಮ್ಮೆ ಉಜ್ಜಿದರು. ಹಾಗೇ ಅದು ಅವರ ಮೊಣಕಾಲ ತನಕ ಬಂತು.

ಪಾತೇಲಿ ಕೆಂಡದ ಮೇಲೆ ಕೂತ ಮೇಲೆ ಆ ಹುಡುಗಿ ತಾನಾಗಿ ಬಾಯಿ ಬಿಟ್ಟಳು. ಬಹಳ ದಿನದಿಂದ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತಿರಬೇಕು, ಉಸಿರು ಹಿಡಿದು ಹೇಳಿದ ಹಾಗಿತ್ತು. ‘ಅಕ್ಕನ ಸೀರಿ ಎಲ್ಲಾ ಟ್ರಂಕಿನ್ಯಾಗ ಹಂಗ ಅದಾವ್ರಿ. ನಾ ಒಂದೂ ಉಟ್ಟಿಲ್ರಿ. ಒಯ್ತೀರಂದ್ರ ತಂದ ಕೊಡತೇನ್ರಿ.’

ಅತ್ತೆ ಕೆಂಡ ಸರಿಸುತ್ತಿದ್ದ ಕೈ ನಿಲ್ಲಿಸಿದರು. ‘ಬಿಸಿಲಿಗರ ಹಾಕೀಯೇನ?’

‘ಹೂಂನ್ರಿ. ಬೇವಿನ ಎಲಿ ಇಟ್ಟೇನ್ರಿ.’

‘ತಗೊಂಡ ಬಾ.’

ಅವಳು ಟ್ರಂಕನ್ನೇ ಎಳೆದು ತಂದಳು. ಮೇಲೆಯೇ ಕೆಂಪು ಸೆರಗಿನ ಒಂದು ಹಸಿರು ಸೀರೆ. ಅತ್ತೆ ಅದನ್ನು ಬಿಡಿಸಿ ಮಡಿಲಲ್ಲಿ ಹರಡಿಕೊಂಡರು. ನಾನು ಮಡಿಕೆಯ ಮೇಲೆ ಬೆರಳಾಡಿಸಿ ನೋಡಿದೆ. ರೇಷ್ಮೆಯ ಎಳೆ ಅಲ್ಲಲ್ಲಿ ಸೋಲತೊಡಗಿತ್ತು. ‘ಅತ್ತಿ, ಹಿಂಗ ಮಡಚಿ ಇಟ್ಟರ ಮಡಿಕಿಗುಂಟ ಸೀಳತೈತ್ರಿ. ಉಟಗೊಂತ ಇರಬೇಕ್ರಿ’ ಎಂದೆ. ನೇಕಾರರ ಮಗಳಾಗಿ ಬಾಯಿಗೆ ಬಂದ ಮಾತು ಅದು, ಬೇರೆ ಯಾವ ಯೋಚನೆಯೂ ನನಗಿರಲಿಲ್ಲ.

ಅತ್ತೆ ನನ್ನನ್ನು ನೋಡಿದರು, ಆ ಹುಡುಗಿಯನ್ನು ನೋಡಿದರು. ಆಮೇಲೆ ಸೀರೆಯನ್ನು ಎತ್ತಿ ಅವಳ ಹೆಗಲ ಮೇಲೆ ಹಾಕಿದರು. ‘ಕೇಳಿದೆಲ್ಲ? ಉಡು. ಇಟ್ಟ ಹಾಳ ಮಾಡಬ್ಯಾಡ’ ಎಂದರು. ಅವಳು ಆ ಸೀರೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆಯೂ ಅತ್ತರು. ಅವಳಿಗೆ ತಾಯಿ ಇಲ್ಲ, ಚಿಕ್ಕಂದಿನಲ್ಲೇ ಹೋಗಿಬಿಟ್ಟಿದ್ದರು, ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು ಎಂದು ನಮಗೆ ಗೊತ್ತಾದದ್ದು ಆಗಲೇ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಪಾತೇಲಿಯನ್ನು ಎಲ್ಲರೂ ಮರೆತಿದ್ದೆವು! ಅತ್ತೆ ಸೆರಗಿನಿಂದಲೇ ಹಿಡಿದು ಕೆಳಗಿಳಿಸಿದರು. ಮೇಲೆ ಹಿಟ್ಟು ಸರಿಯಾಗಿಯೇ ಬಂದಿತ್ತು, ತಳ ಕರ್ರಗೆ ಹತ್ತಿಬಿಟ್ಟಿತ್ತು. ‘ಇಷ್ಟ ವರ್ಷ ಮಾಡೇನಿ, ಒಮ್ಮೆನೂ ಹತ್ತಿಸಿದ್ದಿಲ್ಲ. ಇವತ್ತ ನೋಡ, ಇವತ್ತ!’ ಎಂದು ಅತ್ತೆ ಕಣ್ಣು ಒರೆಸಿಕೊಳ್ಳುತ್ತಲೇ ಗೊಣಗಿದರು. ಮೇಲಿನದನ್ನು ಬಡಿಸಿದೆವು. ಮಗು ಬಿಸಿ ಆರುವ ತನಕ ಕಾಯಲಿಲ್ಲ. ಬಾಯಿ ಸುಟ್ಟುಕೊಂಡು ಓಡಿದ್ದು ಆ ಹುಡುಗಿಯ ಹತ್ತಿರ. ಅವಳು ಬಗ್ಗಿ ಅದರ ನಾಲಗೆಗೆ ಉಫ್ ಉಫ್ ಎಂದು ಊದಿದಳು. ಅತ್ತೆ ಅದನ್ನೇ ನೋಡುತ್ತಿದ್ದರು. ಈ ಸಲ ಅವರ ಮುಖದಲ್ಲಿ ನೋವು ಕಾಣಲಿಲ್ಲ. ‘ಹಂಗ ಹಡದವ್ವನ ಗುಣ’ ಎಂದರು ನನಗಷ್ಟೇ ಕೇಳುವ ಹಾಗೆ. ಮಗುವಿಗೆ ಹೆಚ್ಚು ಹಿಡಿಸಿದ್ದು ತಳಕ್ಕೆ ಹತ್ತಿದ ಬೆಲ್ಲ. ಕೆರೆದು ಕೆರೆದು ತಿಂದು ಹಲ್ಲೆಲ್ಲ ಕಪ್ಪು ಮಾಡಿಕೊಂಡಿತು.

ಭಾವ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದಾಗ ಹಿತ್ತಲಲ್ಲಿ ಅತ್ತೆ ಅವರ ಹೆಂಡತಿಗೆ, ‘ಮುಚ್ಚಳದ ಮ್ಯಾಲ ಬಾಳ, ಕೆಳಗ ಸ್ವಲ್ಪ. ಇವತ್ತ ನಾ ಮಾಡಿದಂಗ ಮಾಡಬ್ಯಾಡ’ ಎಂದು ಹೇಳಿಕೊಡುತ್ತಿದ್ದರು. ಭಾವ ಬಾಗಿಲಲ್ಲೇ ನಿಂತರು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ‘ಆರಾಮ ಅದೀರೇನ್ರಿ ಅತ್ತಿ?’ ಎಂದಷ್ಟೇ ಕೇಳಿದರು. ‘ಅದೇನಿ. ಕೈ ತೊಳಕೊಂಡ ಕುಂದರು, ಆರತೈತಿ’ ಎಂದರು ಅತ್ತೆ.

ಮರುದಿನವೇ ಹೊರಡಬೇಕೆಂದು ಬಂದವರು ನಾವು ಅಲ್ಲೇ ವಾರದ ಹತ್ತಿರ ಉಳಿದೆವು. ಬುಟ್ಟಿಯ ಹಣ್ಣು ಮುಗಿಯುವ ತನಕ ಕಡುಬು ಆಯಿತು. ಕೊನೆಯ ದಿನದ್ದನ್ನು ಆ ಹುಡುಗಿ ಒಬ್ಬಳೇ ಮಾಡಿದಳು, ಹಸಿರು ಸೀರೆ ಉಟ್ಟು. ತಳ ಹತ್ತಿರಲಿಲ್ಲ. ಮಗು ಅದಕ್ಕೇ ಮುನಿಸಿಕೊಂಡಿತು.

ಮರುವರ್ಷ ಮಳೆಗಾಲದಲ್ಲಿ ಅವಳು ಬಸುರಿಯಾಗಿ, ಚೊಚ್ಚಿಲ ಹೆರಿಗೆಗೆಂದು ಜಮಖಂಡಿಗೇ ಬಂದಳು. ಚಿಕ್ಕಪ್ಪನ ಮನೆಯವರು ಕರೆದಿರಲಿಲ್ಲ. ಕರೆಯಲು ಅತ್ತೆ ತಾವೇ ಹೋಗಿ, ಗಾಡಿಯಲ್ಲಿ ಹುಲ್ಲು ಹಾಸಿ ಕೂರಿಸಿಕೊಂಡು ಬಂದರು. ಹೆರಿಗೆಯ ದಿನ ಅತ್ತೆ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಒಳಗೆ ಅವಳು ‘ಯವ್ವಾ’ ಎಂದು ಕೂಗಿದಾಗಲೆಲ್ಲ ‘ಇಲ್ಲೇ ಅದೇನಿ, ಇಲ್ಲೇ ಅದೇನಿ’ ಎನ್ನುತ್ತಿದ್ದರು. ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಕೂಸನ್ನು ಒರೆಸಿ ಮೊದಲು ಅತ್ತೆಯ ಕೈಗೇ ಕೊಟ್ಟಳು. ಅವರು ಅದರ ಮೈಮೇಲಿನ ನವಿರಾದ ರೋಮವನ್ನು ಮೆಲ್ಲಗೆ ಸವರಿದರು.

ಬಾಣಂತನ ಮುಗಿಸಿ ಅವಳು ಮುಧೋಳಕ್ಕೆ ಹೊರಟ ದಿನ ಮನೆಯೆಲ್ಲ ಗದ್ದಲ. ದೊಡ್ಡ ಮಗು ಗಾಡಿಯ ಮುಂದೆ ಕೂರುತ್ತೇನೆಂದು ಹಟ ಹಿಡಿದಿತ್ತು. ಚಿಕ್ಕದು ಅಳುತ್ತಿತ್ತು. ಅತ್ತೆ ಅವಳ ಕಿವಿಗೆ ಅರಿವೆ ಕಟ್ಟಿ, ಮಡಿಲಿಗೆ ಕೊಬ್ಬರಿ ಉತ್ತತ್ತಿ ಹಾಕಿ, ‘ಗಾಳಿಗೆ ಕುಂದರಬ್ಯಾಡ. ತಣ್ಣೀರ ಮುಟ್ಟಬ್ಯಾಡ. ಊರ ಮುಟ್ಟಿದ ಕೂಡಲೇ ಯಾರ ಕೈಲಾದರೂ ಹೇಳಿ ಕಳಸು’ ಎಂದು ಹೇಳಿದ್ದನ್ನೇ ಹೇಳಿದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಕಟ್ಟೆಯ ಮೇಲೆ ನಿಂತೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, ‘ಮನಿ ಎಷ್ಟ ಸುಮ್ಮನಾತಲ್ಲ. ಬಾ, ಏನರ ಮಾತಾಡು’ ಎಂದರು.